ತಾಯಮ್ಮ ಕೇಳದ ಪ್ರಶ್ನೆ

ಕಾಚಿಗೂಡ, ಹೈದರಾಬಾದ್
೨೮ ಜುಲೈ ೧೯೯೮

ಶಾಮಲಾಗೆ ಆಶೀರ್ವಾದ.

ಯಾರ ಪತ್ರವೆಂದು ಹೊಳೆಯದಿದ್ದರೆ ಹೇಳುತ್ತೇನೆ. ನಿಮ್ಮ ನರ್ಸಿಂಗ್ ಸ್ಕೂಲಿನಲ್ಲಿ ಸುಹಾಸಿನಿ ಟೀಚರ್ ಇದ್ದಾಳಲ್ಲ, ಅವಳ ತಂದೆಯ ತಾಯಿ ನಾನು, ಗೋದಾಬಾಯಿ. ನಿಮ್ಮ ಕ್ಲಾಸಿನಲ್ಲಿ ಕಬ್ಬಿಣದ ಮಂಚದ ಮೇಲೆ ಮಲಗಿ ರೋಗಿಯ ಸೋಗು ಹಾಕಿದ ಮುದುಕಿ. ನಿನ್ನ ವಿಳಾಸವನ್ನು ಸುಹಾಸಿನಿಯಿಂದಲೇ ಏನೋ ನೆಪ ಹೇಳಿ ಪಡೆದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ತಾಳ್ಮೆಯಿಂದ ಓದು.

ನೀನು ಜ್ವರ ಎಂದು ಚೀಟಿ ಬರೆದಿಟ್ಟು ಊರಿಗೆ ಹೋದೆಯಂತೆ. ಟ್ರಂಕು, ಹಾಸಿಗೆ, ಬಕೆಟ್ಟು ಎಲ್ಲ ತೆಗೆದುಕೊಂಡು ಹೋದೆಯಂತೆ. ಜ್ವರ ಬಂದವರು ಬಕೆಟ್ಟು ಹೊತ್ತುಕೊಂಡು ಹೋಗುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ.

ಈ ಆಟ ಹೇಗೆ ಶುರುವಾಯಿತೆಂದು ನಿಮಗೆ ಮಕ್ಕಳಿಗೆ ಗೊತ್ತಿಲ್ಲ. ಸುಹಾಸಿನಿ ಬೇಸಿಗೆಯಲ್ಲಿ ಮದ್ರಾಸಿಗೆ ಟ್ರೈನಿಂಗಿಗೆ ಹೋಗಿದ್ದಳು. ಬಂದವಳೇ ಹೊಸ ಹುಚ್ಚು ಹಿಡಿಸಿಕೊಂಡಳು.

"ಅಜ್ಜಿ, ಹುಡುಗ್ಯಾರು ಬೋರ್ಡ್ ನೋಡಿ ಬರಕೋತಾರ, ಪರೀಕ್ಷಾದಾಗ ಹಂಗs ಕಾರತಾರ. ರೋಗಿ ಮುಂದ ನಿಂತರ ಏನ್ ನೋಡಬೇಕು, ಏನ್ ಕೇಳಬೇಕು ತಿಳಿಯೂದಿಲ್ಲ. ಅವರು ತಾವs ವಿಚಾರ ಮಾಡೂಹಂಗ ಆಗಬೇಕು."

"ಅದಕ್ಕ ನಾ ಏನ್ ಮಾಡಲಿ?"

"ನೀ ರೋಗಿ ಆಗು. ಸುಳ್ಳು ಹೇಳು, ಬೈ, ಸತಾಯಿಸು. ನಿನಗ ಯಾರೂ ಕಲಿಸೂದು ಬ್ಯಾಡ."

ಹೀಗೆ ನಾನು ತಾಯಮ್ಮ ಆದೆ. ಆಟ ಮುಗಿದಿದೆ, ಈಗ ಗುಟ್ಟು ಹೇಳಿದರೆ ತಪ್ಪಿಲ್ಲ. ಸುಹಾಸಿನಿ ನನಗೆ ಹೇಳಿಕೊಟ್ಟದ್ದು ಇಷ್ಟು: ತಾಯಮ್ಮ ನಲ್ಗೊಂಡದ ಕಡೆಯವಳು, ಬಿ.ಪಿ. ಇದೆ, ಕಾಲು ಬಾತಿವೆ. ಕೊಟ್ಟ ಗುಳಿಗೆ ನುಂಗದೆ ದಿಂಬಿನ ಕೆಳಗೆ ಸೇರಿಸುತ್ತಾಳೆ. ನೀರು ಕೊಟ್ಟರೆ ತುಟಿ ಒದ್ದೆ ಮಾಡಿ ಇಟ್ಟುಬಿಡುತ್ತಾಳೆ. ಏಕೆಂದರೆ ಆ ಗುಳಿಗೆ ನುಂಗಿದರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು, ಕಕ್ಕಸು ವರಾಂಡದ ಆ ತುದಿಗೆ ಇದೆ, ಕೈ ಹಿಡಿದು ಕರೆದುಕೊಂಡು ಹೋಗಿರೆಂದು ಕೇಳಲು ನಾಚಿಕೆ. ಇದನ್ನು ಅವಳು ತಾನಾಗಿ ಹೇಳುವುದಿಲ್ಲ. ನೀವು ಕೇಳಿ ಕೇಳಿ ತೆಗೆಯಬೇಕಿತ್ತು.

ನಿನ್ನ ಸರದಿ ಬಂತು, ನೀರು ಕೊಟ್ಟೆ, ನಾನು ಕುಡಿಯಲಿಲ್ಲ. ಮುದುಕಿ ಗೆದ್ದಳೆಂದು ಹುಡುಗಿಯರು ಚಪ್ಪಾಳೆ ಹೊಡೆದರು, ನಿನ್ನ ಮುಖ ಇಳಿಯಿತು. ಇಷ್ಟೇ ಅಲ್ಲವೇ ಆದದ್ದು? ನಾಟಕದ ಮುದುಕಿಗೆ ಹೆದರಿ ಊರಿಗೆ ಓಡಿದವಳು ನಾಳೆ ವಾರ್ಡಿನಲ್ಲಿ ನಿಜವಾದ ಮುದುಕಿಯರ ಕೈಗೆ ಸಿಕ್ಕರೆ ಏನು ಮಾಡುತ್ತಿ? ಬಕೆಟ್ಟು ತೆಗೆದುಕೊಂಡು ತಿರುಗಿ ಬಾ.

ನಿನ್ನ ಹಿತ ಬಯಸುವ,
ಗೋದಾಬಾಯಿ


ಕಾಚಿಗೂಡ
೧೯ ಆಗಸ್ಟ್ ೧೯೯೮

ಶಾಮಲಾಗೆ.

ಉತ್ತರ ಬರಲಿಲ್ಲ. ನಿಮ್ಮ ಕೆಂಚನಾಳಕ್ಕೆ ಟಪಾಲು ವಾರಕ್ಕೊಮ್ಮೆ ಹೋಗುತ್ತದೆಯೋ, ನಿನಗೆ ಬರೆಯಲು ಮನಸ್ಸಿಲ್ಲವೋ. ತಪ್ಪನ್ನು ಟಪಾಲಿನ ಮೇಲೆ ಹಾಕಿ ಸುಮ್ಮನಾಗೋಣವೆಂದರೆ ಆಗುತ್ತಿಲ್ಲ.

ಇಲ್ಲಿನ ಸುದ್ದಿ ಕೇಳು. ನೀನು ಹೋದದ್ದಕ್ಕೆ ನಿಮ್ಮ ಪ್ರಿನ್ಸಿಪಾಲ್ ಸುಹಾಸಿನಿಯನ್ನು ಕರೆದು ಚೆನ್ನಾಗಿ ಬೈದರಂತೆ. ಪಾಠ ಮಾಡಿರೆಂದರೆ ಡ್ರಾಮಾ ಮಾಡಿಸುತ್ತೀರಿ, ಬಡವರ ಮನೆಯ ಹುಡುಗಿ ಗಾಬರಿಯಾಗಿ ಓಡಿಹೋದಳು, ಇನ್ನು ಮೇಲೆ ಬೋರ್ಡು ಮತ್ತು ನೋಟ್ಸು ಮಾತ್ರ ಎಂದರಂತೆ. ಆ ಮಂಚವನ್ನು ಸ್ಟೋರಿಗೆ ಹಾಕಿದ್ದಾರೆ. ದಸರಾ ರಜೆ ಮುಗಿದು ಸ್ಕೂಲು ತೆರೆಯುವ ದಿನ ನೀನು ಬಾರದಿದ್ದರೆ ಹೆಸರು ತೆಗೆಯುತ್ತಾರೆ. ಆಮೇಲೆ ಕಾಲಿಗೆ ಬಿದ್ದರೂ ಸೇರಿಸುವುದಿಲ್ಲ.

ಸುಹಾಸಿನಿ ಸಂಜೆ ಬಂದು ಚಪ್ಪಲಿ ಬಿಟ್ಟವಳು ಅಲ್ಲೇ ಬಾಗಿಲಲ್ಲಿ ಕೂತುಬಿಡುತ್ತಾಳೆ. ನಿನ್ನೆ ಸಾರಿಗೆ ಉಪ್ಪು ಹಾಕುವುದು ಮರೆತಿದ್ದೆ. ಅವಳು ತಟ್ಟೆ ಖಾಲಿ ಮಾಡಿ ಎದ್ದಳು. ಉಪ್ಪಿಲ್ಲ ಎಂದು ನಾನೇ ಹೇಳಬೇಕಾಯಿತು.

ಆಟದ ಭರದಲ್ಲಿ ನಾನು ಏನೋ ಒಂದು ಕೇಳಿರಬಹುದು. ವಯಸ್ಸಾದವರ ಬಾಯಿ, ಒಂದು ಮಾತು ಹೆಚ್ಚು ಬರುತ್ತದೆ. ಅದನ್ನು ಗಂಟು ಕಟ್ಟಿ ಇಟ್ಟುಕೊಳ್ಳಬೇಡ.

ಗೋದಾಬಾಯಿ


ಕೆಂಚನಾಳ, ತಾ. ಸೇಡಂ
೨೯ ಆಗಸ್ಟ್ ೧೯೯೮

ಗೋದಾಬಾಯಿ ಅಜ್ಜಿಯವರಿಗೆ ಶಾಮಲಾಳ ನಮಸ್ಕಾರಗಳು.

ನಿಮ್ಮ ಎರಡೂ ಪತ್ರ ತಲುಪಿವೆ. ಟಪಾಲು ದಿನಾ ಬರುತ್ತದೆ. ಹೆಸರುಕಾಯಿ ಬಿಡಿಸುವ ಕೆಲಸವಿತ್ತು, ಅದಕ್ಕೆ ತಡವಾಯಿತು ಎಂದು ಬರೆಯಬಹುದು, ಆದರೆ ಕಾರಣ ಅದಲ್ಲ.

ಸುಹಾಸಿನಿ ಟೀಚರ್ ನಮಗೆ ಒಂದು ರೂಢಿ ಹಾಕಿದ್ದರು. ರೋಗಿಯ ಹತ್ತಿರ ಹೋಗಿ ಬಂದ ಮೇಲೆ ಮೊದಲು ಕಣ್ಣಿಗೆ ಕಂಡದ್ದನ್ನು ಬರೆಯಬೇಕು. ಆಮೇಲೆ ನಾವು ಅಂದುಕೊಂಡದ್ದನ್ನು ಬರೆಯಬೇಕು. ಒಂದರೊಳಗೆ ಇನ್ನೊಂದನ್ನು ಕಲಸಬಾರದು. ಉಳಿದದ್ದನ್ನು ರೋಗಿಯನ್ನೇ ಕೇಳಬೇಕು. ಹಾಗೆಯೇ ಬರೆಯುತ್ತೇನೆ.

ನನಗಿಂತ ಮೊದಲಿನ ಇಬ್ಬರು ನೀರು ಕೊಟ್ಟಾಗ ನೀವು ಲೋಟಕ್ಕೆ ತುಟಿ ಹಚ್ಚಿ, "ನೀಳ್ಳು ವದ್ದಮ್ಮಾ" ಎಂದು ತೆಲುಗಿನಲ್ಲೇ ನೀರು ಬೇಡವೆಂದು ಹೇಳಿ ಇಟ್ಟಿರಿ. ನನ್ನ ಸರದಿ ಬಂದಾಗ ನನ್ನ ತೆಲುಗು ತಡವರಿಸಿತು. ನೀವು ಕನ್ನಡದಲ್ಲಿ "ಯಾವೂರವ್ವಾ ನಿಂದು?" ಅಂದಿರಿ. ಕೆಂಚನಾಳ ಅಂದೆ. "ಕೆಂಚನಾಳದಾಗ ಯಾವ ಓಣಿ?" ಅಂದಿರಿ. "ಹಳ್ಳದ ಆಚಿ ಓಣಿರಿ" ಅಂದೆ. ಆಗ ಲೋಟ ನಿಮ್ಮ ಕೈಯಲ್ಲಿತ್ತು. ಅದು ತುಟಿಗೆ ಹೋಗಲಿಲ್ಲ. ಸ್ಟೂಲಿನ ಮೇಲೆ ಇಟ್ಟಿರಿ. ಇಟ್ಟ ಮೇಲೆ ಬೆರಳುಗಳನ್ನು ಸೀರೆಗೆ ಒರೆಸಿಕೊಂಡಿರಿ.

ಇದು ಕಂಡದ್ದು. ಇದೂ ಆಟವೇ ಇರಬೇಕು ಎಂಬುದು ನಾನು ಅಂದುಕೊಂಡದ್ದು. ಹಾಸ್ಟೆಲಿಗೆ ಹೋಗುವವರೆಗೂ ಹಾಗೇ ಅಂದುಕೊಂಡೆ.

ಇನ್ನು ಕೇಳುವುದು. ತಾಯಮ್ಮ ನಲ್ಗೊಂಡದವಳು. ಅವಳಿಗೆ ನಮ್ಮೂರ ಓಣಿಗಳು ಹೇಗೆ ಗೊತ್ತು? ಕಕ್ಕಸಿಗೆ ಹೋಗುವ ಅಂಜಿಕೆಗೆ ನೀರು ಬೇಡವಾದರೆ ಬೆರಳು ಏಕೆ ಒರೆಸಬೇಕು?

ಮತ್ತೊಂದಿದೆ. ಅದನ್ನು ಟೀಚರಿಗೂ ಕೇಳಲಿಲ್ಲ, ಯಾರಿಗೆ ಕೇಳಬೇಕೋ ಗೊತ್ತಿಲ್ಲ. ಅದು ನಿಜವಾದ ವಾರ್ಡು, ನಾನು ನಿಜವಾದ ನರ್ಸು, ನೀವು ನಿಜವಾದ ರೋಗಿ ಆಗಿದ್ದರೆ, ನೀವು ಲೋಟ ಇಟ್ಟ ಮೇಲೆ ನಾನು ಏನು ಮಾಡಬೇಕಿತ್ತು? ಸುಳ್ಳು ಓಣಿ ಹೇಳಬೇಕಿತ್ತೇ? ಬೇರೆ ನರ್ಸನ್ನು ಕರೆಯಬೇಕಿತ್ತೇ? ಗುಳಿಗೆ ನುಂಗದೆ ನಿಮಗೆ ಏನಾದರೂ ಆದರೆ ಅದು ಯಾರ ತಪ್ಪು? ಇದಕ್ಕೆ ಉತ್ತರ ಗೊತ್ತಿಲ್ಲದೆ ಆ ಸಮವಸ್ತ್ರ ಹಾಕಿಕೊಂಡು ಹೇಗೆ ಹೋಗಲಿ ಎಂದು ಊರಿಗೆ ಬಂದೆ. ನಾಟಕಕ್ಕೆ ಹೆದರಿ ಅಲ್ಲ.

ಅಪ್ಪ ಸೂಗಪ್ಪ ಕೇಳಿದವರಿಗೆಲ್ಲ "ರಜಾ ಬಿಟ್ಟಾರ್ರಿ" ಎಂದು ಹೇಳುತ್ತಿದ್ದಾನೆ. ಪ್ರತಿ ವಾರ ರಜೆಯನ್ನು ಒಂದಿಷ್ಟು ಉದ್ದ ಮಾಡುತ್ತಿದ್ದಾನೆ.

ಶಾಮಲಾ


ಕಾಚಿಗೂಡ
೬ ಸೆಪ್ಟೆಂಬರ್ ೧೯೯೮

ಶಾಮಲಾಗೆ.

ನಿನ್ನ ಪತ್ರ ಓದಿದೆ. ಪೊಲೀಸಿನವರೂ ಹೀಗೆ ಬರೆಯುವುದಿಲ್ಲ. ಇಂಥ ಪಾಠ ಕಲಿಸುತ್ತಾಳೆಂದು ಗೊತ್ತಿದ್ದರೆ ಸುಹಾಸಿನಿಯನ್ನು ಮದ್ರಾಸಿಗೇ ಕಳಿಸುತ್ತಿರಲಿಲ್ಲ.

ಕೆಂಚನಾಳ ನನ್ನ ಸೋದರಮಾವನ ಊರು. ಲಂಗ ಉಡುವ ವಯಸ್ಸಿನಲ್ಲಿ ಬೇಸಿಗೆಯೆಲ್ಲ ಅಲ್ಲೇ ಕಳೆದಿದ್ದೇನೆ. ಆ ಊರಿನ ಹೆಸರು ಕೇಳಿ ಎಷ್ಟು ವರ್ಷವಾಗಿತ್ತೋ. ನಮ್ಮ ಕಡೆಯವರು ಸಿಕ್ಕರೆ ಊರು ಕೇಳುತ್ತೇವೆ, ಓಣಿ ಕೇಳುತ್ತೇವೆ, ಯಾರ ಮನೆಯ ಪೈಕಿ ಎಂದು ಕೇಳುತ್ತೇವೆ. ಈ ಊರಲ್ಲಿ ಯಾರು ಕೇಳುತ್ತಾರೆ ಹಾಗೆ? ಪ್ರೀತಿಯಿಂದ ಕೇಳಿದ್ದನ್ನು ನೀನು ಬೇರೆ ಅರ್ಥ ಮಾಡಿಕೊಂಡೆ.

ನೀರು ಕುಡಿಯಬಾರದೆಂದು ಸುಹಾಸಿನಿಯೇ ಹೇಳಿದ್ದಳು, ಅದಕ್ಕೆ ಕುಡಿಯಲಿಲ್ಲ. ಲೋಟದ ಹೊರಗೆ ನೀರು ಚೆಲ್ಲಿತ್ತು, ಅದಕ್ಕೆ ಒರೆಸಿಕೊಂಡೆ. ಮುಗಿಯಿತು.

ಇಷ್ಟು ವಯಸ್ಸಿನವಳನ್ನು ಕಟಕಟೆಯಲ್ಲಿ ನಿಲ್ಲಿಸುವ ಹುಡುಗಿಗೆ ನರ್ಸಿನ ಕೆಲಸ ಏಕೆ, ವಕೀಲಿ ಕಲಿ.

ಗೋದಾಬಾಯಿ


ಕಾಚಿಗೂಡ
೭ ಸೆಪ್ಟೆಂಬರ್ ೧೯೯೮

ಶಾಮಲಾ,

ನಿನ್ನೆ ಹಾಕಿದ ಪತ್ರ ಬಂದರೆ ಹರಿದು ಒಲೆಗೆ ಹಾಕು. ಡಬ್ಬಿಯಿಂದ ಹೊರಗೆ ತೆಗೆಸಲು ಪೋಸ್ಟಿನವನನ್ನು ಕೇಳಿದೆ, ಅವನು ಹಿಂದಿಯಲ್ಲಿ ನಕ್ಕ.

ಲೋಟದ ಹೊರಗೆ ನೀರು ಚೆಲ್ಲಿರಲಿಲ್ಲ. ನೀನು ಎರಡೂ ಕೈಯಿಂದ ಹಿಡಿದು ತಂದಿದ್ದೆ, ಒಂದು ಹನಿ ಅಲುಗಿರಲಿಲ್ಲ.

ಬೆಳಿಗ್ಗೆ ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವ ಶೋಭಾ ಬಂದಿದ್ದಳು. ಕೆಲಸ ಮುಗಿಸಿ ಕಿಟಕಿಯ ಹೊರಗಿನ ಕಟ್ಟೆಯಿಂದ ತನ್ನ ಲೋಟ ತೆಗೆದುಕೊಂಡಳು, ನಾನು ಮೇಲಿನಿಂದ ಚಹಾ ಸುರಿದೆ. ಸುಹಾಸಿನಿ ಸಣ್ಣ ಹುಡುಗಿಯಾಗಿದ್ದಾಗಿನಿಂದ ನಡೆದದ್ದು. ಇವತ್ತು ಸುರಿಯುವಾಗ ನನ್ನ ಕೈ ಎಷ್ಟು ಮೇಲಿದೆ ಎಂದು ನೋಡಿಕೊಂಡೆ. ಬಗ್ಗಿಸಿದ ಪಾತ್ರೆಯ ತುಟಿ ಅವಳ ಲೋಟಕ್ಕೆ ತಾಗದಷ್ಟು ಮೇಲೆ. ಯಾರೂ ಹೇಳಿಕೊಡದೆ ಕೈ ತಾನೇ ಅಲ್ಲಿ ನಿಲ್ಲುತ್ತದೆ.

ನಾಚಿಕೆಯಾಗಿ ಒಳಗಿನ ಲೋಟದಲ್ಲಿ ಇನ್ನೊಂದು ಸಲ ಚಹಾ ಹಾಕಿ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, "ನಂದs ಇರಲಿ ಬಿಡ್ರಿ ಅಮ್ಮಾರ. ಇದು ಸಣ್ಣದೈತಿ, ಇದರಾಗ ಚಾ ಹಿಡಿಯಂಗಿಲ್ಲ" ಎಂದು ತನ್ನ ಲೋಟಕ್ಕೆ ಬಗ್ಗಿಸಿಕೊಂಡಳು.

ನಿನ್ನ ಮೊದಲ ಪ್ರಶ್ನೆಗೆ ಉತ್ತರ: ತಾಯಮ್ಮನಿಗೆ ನಿಮ್ಮೂರ ಓಣಿ ಗೊತ್ತಿಲ್ಲ. ಕೇಳಿದವಳು ನಾನು. ಊರಿನ ಹೆಸರು ಕೇಳಿ ಖುಷಿಯಾದದ್ದು ನಿಜ, ಅದನ್ನು ಸುಳ್ಳು ಹೇಳಲಾರೆ. ಆದರೆ ಓಣಿ ಕೇಳಿದ್ದು ಖುಷಿಗಲ್ಲ. ಲೋಟ ಕೈಗೆ ಬಂದಿತ್ತಲ್ಲ, ಅದಕ್ಕೆ ಕೇಳಿದೆ. ಹಳ್ಳದ ಆಚೆಯ ಓಣಿಯವರ ಕೈಯ ನೀರನ್ನು ನನ್ನ ಸೋದರಮಾವನ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ನಿನಗಿಂತ ಮೊದಲು ನೀರು ತಂದ ಇಬ್ಬರು ಹುಡುಗಿಯರ ಓಣಿ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ತುಟಿ ಹಚ್ಚಿದೆ. ಈ ಹೈದರಾಬಾದಿನಲ್ಲಿ ಇಷ್ಟು ವರ್ಷ ಹೀಗೇ ಬದುಕಿದ್ದೇನೆ ನೋಡು. ರೈಲಿನಲ್ಲಿ ಕುಡಿದೆ, ಆಸ್ಪತ್ರೆಯಲ್ಲಿ ಕುಡಿದೆ, ಹೋಟೆಲಿನಲ್ಲಿ ಕುಡಿದೆ. ಕೇಳಲಿಲ್ಲ, ಕುಡಿದೆ. ಸುಧಾರಿಸಿದವಳು ಎಂದು ನನ್ನನ್ನು ನಾನೇ ತಿಳಿದುಕೊಂಡಿದ್ದೆ.

ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಒಂದು ಮಾಡಬಲ್ಲೆ. ನೀನು ಬಾ. ಎಲ್ಲರೆದುರು ನಿನ್ನ ಕೈಯಿಂದ ಲೋಟ ತೆಗೆದುಕೊಂಡು ತುಂಬ ಕುಡಿಯುತ್ತೇನೆ.

ಗೋದಾಬಾಯಿ


ಕೆಂಚನಾಳ
೧೫ ಸೆಪ್ಟೆಂಬರ್ ೧೯೯೮

ಗೋದಾಬಾಯಿ ಅಜ್ಜಿಯವರಿಗೆ ನಮಸ್ಕಾರ.

ಆರನೆಯ ತಾರೀಖಿನ ಪತ್ರ ಏಳನೆಯದಕ್ಕಿಂತ ಒಂದು ದಿನ ತಡವಾಗಿ ಬಂತು. ಹರಿದು ಹಾಕಲಿಲ್ಲ. ಎರಡನ್ನೂ ಅಪ್ಪನಿಗೆ ಓದಿ ಹೇಳಿದೆ. ವಕೀಲಿ ಕಲಿ ಎಂದದ್ದು ಕೇಳಿ "ಅದಕ್ಕೂ ಹೈದರಾಬಾದಿಗೇ ಹೋಗಬೇಕಲ್ಲ" ಎಂದು ನಕ್ಕ. ಏಳನೆಯದಕ್ಕೆ ನಗಲಿಲ್ಲ. ನಿಮ್ಮ ಸೋದರಮಾವನ ಮನೆ ಅವನಿಗೆ ಗೊತ್ತಂತೆ. ಅವರ ಗೋಡೆ ಕಟ್ಟುವಾಗ ಅವನು ಕಲ್ಲು ಹೊತ್ತಿದ್ದನಂತೆ. ನೀರು ಕುಡಿಯಲು ಹಳ್ಳಕ್ಕೆ ಹೋಗಿ ಬರುತ್ತಿದ್ದರಂತೆ.

ನೀವು ಎಲ್ಲರೆದುರು ನನ್ನ ಕೈಯ ನೀರು ಕುಡಿಯುವುದು ಬೇಡ. ಕುಡಿದರೆ ನಿಮ್ಮ ಮನಸ್ಸು ಹಗುರಾಗುತ್ತದೆ, ಹುಡುಗಿಯರು ಮತ್ತೆ ಚಪ್ಪಾಳೆ ಹೊಡೆಯುತ್ತಾರೆ. ನಾನು ಲೋಟ ಹಿಡಿದು ನಿಂತಿರುತ್ತೇನೆ. ನೀರು ರೋಗಿಗೆ ಬೇಕಾಗಿ ಕೊಡುವುದು ನನ್ನ ಕೆಲಸ. ನನಗೆ ಉಪಕಾರ ಮಾಡಲು ಯಾರೂ ಕುಡಿಯಬೇಕಾಗಿಲ್ಲ.

ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ಆ ಹುಡುಗಿಯರಿಗೆ ಕನ್ನಡ ಬರುವುದಿಲ್ಲ. ಯಾವುದಕ್ಕೆ ಚಪ್ಪಾಳೆ ಹೊಡೆದೆವು ಎಂದು ಅವರಿಗೆ ಗೊತ್ತಿಲ್ಲ. ಟೀಚರ್ ಆಗ ಬಾಗಿಲ ಹತ್ತಿರ ಪ್ರಿನ್ಸಿಪಾಲರ ಜೊತೆ ಮಾತಾಡುತ್ತಿದ್ದರು, ಬೆನ್ನು ನಮ್ಮ ಕಡೆಗಿತ್ತು. ತಮ್ಮ ಪಾಠಕ್ಕೆ ಹೆದರಿ ನಾನು ಓಡಿದೆ ಎಂದು ಅವರೂ ತಿಳಿದಿದ್ದಾರೆ, ಅದಕ್ಕಾಗಿ ಮಾತು ಕೇಳುತ್ತಿದ್ದಾರೆ. ಆ ಪಾಠ ಇಲ್ಲದಿದ್ದರೆ ನಾನು ನಿಮಗೆ ಹೀಗೆ ಬರೆಯುತ್ತಿರಲಿಲ್ಲ. ಅಳುತ್ತ ಕೂತಿರುತ್ತಿದ್ದೆ.

ನಾನು ಬರುವುದು ಬಿಡುವುದು ಬೇರೆ. ಬರುತ್ತೇನೆ ಎಂದು ಮಾತು ಕೊಡುತ್ತಿಲ್ಲ.

ಶಾಮಲಾ


ಕಾಚಿಗೂಡ
೨೫ ಸೆಪ್ಟೆಂಬರ್ ೧೯೯೮

ಶಾಮಲಾ,

ನಿನ್ನ ಪತ್ರ ಬಂದ ಮೇಲೆ ದಿನಾ ಹೇಳೋಣ ಹೇಳೋಣ ಎಂದು ಸುಹಾಸಿನಿ ಬರುವ ದಾರಿ ನೋಡುತ್ತಿದ್ದೆ. ಅವಳು ಬಂದ ಕೂಡಲೇ "ಕೈಕಾಲು ತೊಳಕೋ, ಚಹಾ ಆರತದ" ಎಂಬ ಮಾತಷ್ಟೇ ಬರುತ್ತಿತ್ತು. ಜಗಳಕ್ಕೆ ನಿಂತರೆ ಈ ಬೀದಿಯಲ್ಲಿ ನನ್ನೆದುರು ಯಾರೂ ನಿಲ್ಲುವುದಿಲ್ಲ. ಈ ಒಂದು ಮಾತಿಗೆ ನಾಲಿಗೆ ಏಳಲಿಲ್ಲ.

ಕಡೆಗೆ, "ನಾಳೆ ನಿನ್ನ ಕ್ಲಾಸಿಗೆ ಬರತೀನಿ" ಅಂದೆ.

"ಆಟ ಬಂದ್ ಮಾಡ್ಯಾರ ಅಜ್ಜಿ."

"ಆಟಕ್ಕ ಅಲ್ಲ."

ಅವಳು ನನ್ನ ಮುಖ ನೋಡಿದಳು. ಏಕೆ ಎಂದು ಕೇಳಲಿಲ್ಲ. ಅದು ನನಗೆ ಆಗಲೇ ತಿಳಿಯಬೇಕಿತ್ತು.

ನಿನ್ನೆ ಹೋದೆವು. ಮಂಚ ಇರಲಿಲ್ಲ, ಕುರ್ಚಿ ಹಾಕಿಕೊಟ್ಟರು. ಹುಡುಗಿಯರು "ಅಜ್ಜಿ ವಚ್ಚಿಂದಿ", ಅಜ್ಜಿ ಬಂದಳು, ಎಂದು ಗುಲ್ಲೆಬ್ಬಿಸಿದರು, ತಮಾಷೆ ಇದೆ ಎಂದು ತಿಳಿದರು. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರೆ ಎಷ್ಟು ಸುಲಭ ಎಂದು ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು.

ಬಾಯಿ ತೆರೆದಾಗ ಮೊದಲು ಬಂದ ಮಾತು ಏನು ಗೊತ್ತೇ? "ಮಕ್ಕಳೇ, ಇಂಥ ರೋಗಿಗಳೂ ಇರುತ್ತಾರೆಂದು ನಿಮಗೆ ತೋರಿಸಲು ನಾನು ಆವತ್ತು ಹಾಗೆ ಮಾಡಿದೆ." ತೆಲುಗಿನಲ್ಲಿ ಅರ್ಧ ಹೇಳಿಯೂ ಬಿಟ್ಟೆ. ಹೇಳುವಾಗ ನಿಜವೆಂದೇ ಅನಿಸಿತು. ಸುಹಾಸಿನಿ ಗೋಡೆಗೆ ಒರಗಿ ನಿಂತಿದ್ದವಳು ತಲೆ ತಗ್ಗಿಸಿದಳು. ಅದನ್ನು ನೋಡಿ ನಿಲ್ಲಿಸಿದೆ. ಅದು ಸುಳ್ಳು ಎಂದೆ. ಆಮೇಲೆ ನೀನು ಬರೆದ ಹಾಗೆಯೇ ಹೇಳಿದೆ. ನಾನು ಕನ್ನಡದಲ್ಲಿ ಏನು ಕೇಳಿದೆ, ನೀನು ಏನು ಹೇಳಿದೆ, ಆ ಓಣಿ ಎಂದರೆ ಏನು, ಲೋಟ ಎಲ್ಲಿ ಇಟ್ಟೆ, ಬೆರಳು ಯಾವುದಕ್ಕೆ ಒರೆಸಿದೆ. ನೀವು ಚಪ್ಪಾಳೆ ಹೊಡೆದದ್ದು ತಾಯಮ್ಮನಿಗಲ್ಲ, ನನಗೆ ಎಂದೆ.

ಮುಂದಿನ ಬೆಂಚಿನ ದಪ್ಪ ಕನ್ನಡಕದ ಹುಡುಗಿ ಎದ್ದು, ನೀವು ಬೆರಳು ಒರೆಸಿದ್ದನ್ನು ನಾನು ನೋಡಿದ್ದೆ ಎಂದಳು. ನೀರು ಚೆಲ್ಲಿರಬೇಕು ಎಂದುಕೊಂಡೆ, ಕೇಳಲಿಲ್ಲ ಎಂದಳು. ಹೇಳಿ ಅಳತೊಡಗಿದಳು. ಹಿಂದಿನ ಸಾಲಿನಲ್ಲಿ ಒಬ್ಬಳು ನನ್ನ ಕಡೆ ನೋಡಲೇ ಇಲ್ಲ, ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಅವಳದು ಯಾವ ಊರೋ, ಯಾವ ಓಣಿಯೋ. ನಾನು ಕೇಳಲಿಲ್ಲ, ಇನ್ನು ಕೇಳಲಾರೆ.

ಬಸ್ಸಿನಲ್ಲಿ ಕೂತ ಮೇಲೆ ಸುಹಾಸಿನಿಗೆ, "ಬೈ ನನ್ನ" ಅಂದೆ.

ಅವಳು ಟಿಕೆಟ್ಟನ್ನು ಸಣ್ಣಗೆ ಮಡಿಚಿದಳು. ಆಮೇಲೆ ಹೇಳಿದಳು: "ನನಗ ಕೇಳಿಸಿತ್ತು ಅಜ್ಜಿ. ಬೆನ್ನು ಅಷ್ಟs ಆಕಡೆ ಇತ್ತು. ನೀ ಓಣಿ ಅಂದದ್ದು, ಆಕಿ ಹಳ್ಳದ ಆಚಿ ಅಂದದ್ದು, ಎರಡೂ ಕೇಳಿಸಿತ್ತು. ಹೊರಳಿ ನೋಡಲಿಲ್ಲ. ನೋಡಿದರ ಕೇಳಬೇಕಾಗತದ, ಕೇಳಿದರ ನೀ ಏನ್ ಹೇಳತೀ ನನಗ ಗೊತ್ತಿತ್ತು. ಕೇಳ್ರಿ ಕೇಳ್ರಿ ಅಂತ ದಿನಾ ಒದರಾಕಿ, ನಾನs ಕೇಳಲಿಲ್ಲ."

ನನ್ನ ಮಾನ ಕಾಯಲು ಆ ಹುಡುಗಿ ಎರಡು ತಿಂಗಳು ಪ್ರಿನ್ಸಿಪಾಲರ ಬೈಗಳು ತಿಂದಳು. ನಿನ್ನನ್ನು ಊರಲ್ಲಿ ಕೂಡಿಸಿ ನನ್ನ ಮಾನ ಕಾಯ್ದಳು. ನಾನು ಉಪ್ಪಿಲ್ಲದ ಸಾರು ಬಡಿಸುತ್ತ ಅವಳಿಗೆ ಏನಾಗಿದೆಯೋ ಎಂದು ಯೋಚಿಸುತ್ತಿದ್ದೆ.

ಈ ಭಾನುವಾರ ಅವಳು ನಾಂಪಲ್ಲಿಯಲ್ಲಿ ರೈಲು ಹತ್ತಿ ನಿಮ್ಮೂರಿಗೆ ಬರುತ್ತಾಳೆ. ಈ ಪತ್ರ ಮೊದಲು ಬರುವುದೋ ಅವಳು ಮೊದಲೋ ತಿಳಿಯದು. ನಾನೂ ಬರಲೇ ಎಂದೆ. "ಬ್ಯಾಡ ಅಜ್ಜಿ. ನೀ ಬಂದರ ಅವರು ನಿನ್ನ ಉಪಚಾರ ಮಾಡಬೇಕಾಗತದ" ಅಂದಳು.

ಗೋದಾಬಾಯಿ


ನರ್ಸಿಂಗ್ ಹಾಸ್ಟೆಲ್, ಹೈದರಾಬಾದ್
೧೮ ಅಕ್ಟೋಬರ್ ೧೯೯೮

ಗೋದಾಬಾಯಿ ಅಜ್ಜಿಯವರಿಗೆ ನಮಸ್ಕಾರ.

ವಿಳಾಸ ನೋಡಿ ನಿಮಗೆ ತಿಳಿದಿರಬೇಕು. ಟೀಚರ್ ಹೇಳಿಯೂ ಇರಬೇಕು. ಆದರೂ ನಾನೇ ಬರೆಯಬೇಕು ಅನಿಸಿತು.

ಟೀಚರ್ ಬಂದಾಗ ಅಪ್ಪ ಅಂಗಳದಲ್ಲಿ ಗೋಣಿ ಝಾಡಿಸಿ ಹಾಸಿದ. ಅವರು ಕೂತರು. ನನ್ನನ್ನು ಬಾ ಎಂದು ಕರೆಯಲಿಲ್ಲ. ನನ್ನ ಕೊನೆಯ ಪ್ರಶ್ನೆಯನ್ನು ನೀವು ಅವರಿಗೆ ತೋರಿಸಿದ್ದಿರಂತೆ. ಅದನ್ನು ಕ್ಲಾಸಿನಲ್ಲಿ ಕೇಳಿದೆ, ಬೋರ್ಡು ತುಂಬ ಉತ್ತರ ಬಂದಿವೆ, ಒಂದೂ ಸರಿಯಿಲ್ಲ ಎಂದರು. ಬೇರೆ ನರ್ಸನ್ನು ಕಳಿಸುವುದು ಎಂದು ಬಹಳ ಮಂದಿ ಹೇಳಿದರಂತೆ. ಹಾಗೆ ಕಳಿಸುತ್ತ ಹೋದರೆ ಕಡೆಗೆ ವಾರ್ಡಿನಲ್ಲಿ ಯಾರು ಉಳಿಯುತ್ತಾರೆ ಎಂದು ನಾನು ಕೇಳಿದೆ. "ಇದನ್ನ ಅಲ್ಲಿ ಬಂದು ಕೇಳು" ಎಂದರು. ಅಪ್ಪ ಅದೇ ಸಂಜೆ ಬಕೆಟ್ಟು ತೊಳೆದಿಟ್ಟ. "ರಜಾ ಭಾಳ ಆತು" ಅಂದ.

ನಿಮ್ಮನ್ನು ಕ್ಷಮಿಸಿ ಬಂದೆ ಎಂದು ತಿಳಿಯಬೇಡಿ. ಅದು ಇನ್ನೂ ಆಗಿಲ್ಲ. ಸುಳ್ಳು ಬರೆಯಲಾರೆ.

ನೀವು ಕ್ಲಾಸಿನಲ್ಲಿ ಹೇಳಿದ್ದು ಗೊತ್ತಾದ ಮೇಲೆ ಪ್ರಿನ್ಸಿಪಾಲರು ಮಂಚವನ್ನು ಹೊರಗೆ ತೆಗೆಯಲು ಒಪ್ಪಿದ್ದಾರೆ. ತಾವೂ ಬಂದು ಹಿಂದೆ ಕೂರುತ್ತಾರಂತೆ. ಹೊಸ ರೋಗಿಯ ವಿವರ ಬರೆಯಲು ಟೀಚರ್ ನನಗೆ ಹೇಳಿದರು. ಬರೆದಿದ್ದೇನೆ. ಹೆಸರು ಗೋದಾಬಾಯಿ. ಊರು ಕಾಚಿಗೂಡ. ಬಿ.ಪಿ. ಇದೆ. ಗುಳಿಗೆ ನುಂಗುವುದಿಲ್ಲ. ಕಾರಣ ತಾನಾಗಿ ಹೇಳುವುದಿಲ್ಲ. ನರ್ಸು ನಾನಾಗಿರುವುದಿಲ್ಲ, ನಾನು ಬೆಂಚಿನಲ್ಲಿ ಕೂತು ನೋಡುತ್ತೇನೆ.

ಈ ಪಾತ್ರ ಬೇರೆ ಯಾರಿಗೂ ಬರುವುದಿಲ್ಲ. ನೀವು ಬರುತ್ತೀರಾ?

ಶಾಮಲಾ


ಕಾಚಿಗೂಡ
೨೬ ಅಕ್ಟೋಬರ್ ೧೯೯೮

ಶಾಮಲಾ,

ನಿನ್ನ ಪತ್ರವನ್ನು ಸುಹಾಸಿನಿಗೆ ತೋರಿಸಿ, "ಈ ಹುಡುಗಿ ನನ್ನ ಹೆಸರು ಹಿಡಿದು ಬರದಾಳ ನೋಡು" ಅಂದೆ. "ತಾಯಮ್ಮನ ಹೆಸರಿಗೆ ಏನೂ ಅನಲಿಲ್ಲ ನೀ" ಅಂದಳು. ನಿನ್ನ ಜೊತೆ ಸೇರಿ ಅವಳ ಬಾಯಿಯೂ ಹರಿತವಾಗಿದೆ.

ತಾಯಮ್ಮನಾಗಲು ಹೆದರಿಕೆ ಇರಲಿಲ್ಲ. ಮುಚ್ಚಿಟ್ಟದ್ದು ಅವಳದು, ಸಿಕ್ಕಿಬಿದ್ದರೆ ಅವಳು. ಈಗ ನನ್ನ ಮನೆಯಲ್ಲಿ ನನಗೇ ಕಂಡದ್ದನ್ನು ಬರೆಯುತ್ತೇನೆ. ಶೋಭಾಳ ಲೋಟವನ್ನು ಒಳಗೆ ತಂದಿಟ್ಟೆ. ಮರುದಿನ ಅವಳೇ ಅದನ್ನು ಕಿಟಕಿಯ ಕಟ್ಟೆಗೆ ಇಟ್ಟು ಹೋಗಿದ್ದಳು. ಮತ್ತೆ ತಂದೆ, ಮತ್ತೆ ಇಟ್ಟಳು. ಅಭ್ಯಾಸವೋ, ನನ್ನ ಮೇಲೆ ನಂಬಿಕೆ ಇಲ್ಲವೋ. ಅಂದುಕೊಳ್ಳುವುದು ಬೇಡ, ಕೇಳಬೇಕು. ಇನ್ನೂ ಕೇಳಿಲ್ಲ. ಚಹಾ ಸುರಿಯುವಾಗ ಕೈಯನ್ನು ಕೆಳಗೆ ತರುತ್ತೇನೆ. ಮನಸ್ಸು ಬೇರೆ ಕಡೆ ಹೋದರೆ ಅದು ಮೇಲೇರಿ ನಿಂತಿರುತ್ತದೆ.

ಕ್ಷಮೆಯ ಮಾತು ನೀನು ಎತ್ತಿದೆ, ನಾನು ಕೇಳಿರಲಿಲ್ಲ. ಕೇಳಲು ಮನಸ್ಸಿತ್ತು. ಇನ್ನು ಕೇಳುವುದಿಲ್ಲ.

ಗುರುವಾರ ಬರುತ್ತೇನೆ. ಚೆನ್ನಾಗಿ ಮಾಡುತ್ತೇನೆ ಎಂದು ಹೇಳಲಾರೆ, ಇದ್ದ ಹಾಗೆ ಮಾಡುತ್ತೇನೆ. ಹುಡುಗಿಯರಿಗೆ ಮೊದಲೇ ಹೇಳಿಡು. ಈ ಮುದುಕಿ ಮೊದಲು ಸುಳ್ಳು ಹೇಳುತ್ತಾಳೆ, ಆಮೇಲೆ ಸಿಟ್ಟು ಮಾಡುತ್ತಾಳೆ. ಅಲ್ಲಿಗೆ ಎದ್ದು ಹೋಗಬೇಡಿ ಎನ್ನು. ಇನ್ನೊಂದು ಸಲ ಕೇಳಲಿ.

ಗೋದಾಬಾಯಿ